ಡಬ್ಬಿ ತಳದಲ್ಲಿ ಮೂರು ವರ್ಷದ ಬೇಳೆ! ಮಳೆಗಾಲದ ದಾಸ್ತಾನು ಹಳೇದಾಗದಂತೆ ಹೇಗೆ ನೋಡಿಕೊಳ್ಳುತ್ತೀರಿ?

ಸಂಕದಾಚೆ

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಮನೆಗೂ ಟಾರು ರಸ್ತೆಗೂ ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಜೋರು ಮಳೆ ಹಿಡಿದರೆ ಸಂಕ ಮುಳುಗುತ್ತದೆ. ಒಂದೆರಡು ದಿನ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಳೆದ ಮಳೆಗಾಲದಲ್ಲಿ ಮಾತ್ರ ಸಂಕದ ಒಂದು ತುದಿಯೇ ಕೊಚ್ಚಿ ಹೋಗಿ, ಒಂಬತ್ತು ದಿನ ಆಚೆ ದಾಟಲು ಆಗಲಿಲ್ಲ. ಮೊದಲ ದಿನವೇ ಕರೆಂಟ್ ಹೋಯಿತು, ಮಾರನೇ ದಿನ ಟವರ್.

ಉಪವಾಸ ಏನೂ ಬೀಳಲಿಲ್ಲ. ಅಕ್ಕಿ ಇತ್ತು, ಹನ್ನೊಂದು ಭರಣಿ ಉಪ್ಪಿನಕಾಯಿ ಇತ್ತು, ಅಟ್ಟದ ಮೇಲೆ ಹಲಸಿನ ಹಪ್ಪಳ ಇತ್ತು. ಐದನೇ ದಿನ ತೊಗರಿಬೇಳೆ ಡಬ್ಬಿಯ ತಳ ಮುಟ್ಟಿದೆ. ಬೇಳೆಯ ಬಣ್ಣ ಮಾಸಿ ಕಂದಾಗಿತ್ತು. ಕುಕ್ಕರ್ ಎಂಟು ಸೀಟಿ ಹೊಡೆದರೂ ಬೇಯಲಿಲ್ಲ, ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತಿತ್ತು. ತಳದಲ್ಲಿ ಪ್ಯಾಕೆಟ್ಟಿನ ಒಂದು ಹರಿದ ತುಂಡು ಸಿಕ್ಕಿತು. ತಾರೀಖು ನೋಡಿದರೆ ಮೂರು ವರ್ಷ ಹಿಂದಿನದು.

ಕಾರಣ ನನಗೆ ಗೊತ್ತು. ಅತ್ತೆ ಹೊಸ ಬೇಳೆಯನ್ನು ಯಾವಾಗಲೂ ಹಳೆಯದರ ಮೇಲೇ ಸುರಿಯುತ್ತಾರೆ. ನಾವು ಮೇಲಿನಿಂದ ತೆಗೆಯುತ್ತೇವೆ, ಮೇಲಿನಿಂದಲೇ ತುಂಬುತ್ತೇವೆ. ತಳದ್ದು ತಳದಲ್ಲೇ ಉಳಿಯುತ್ತದೆ. ಖಾಲಿ ಮಾಡಿ ತೊಳೆಯೋಣ ಅಂದರೆ, ಅಕ್ಕಿ ಬೇಳೆ ಡಬ್ಬಿಯ ತಳ ಕಾಣಬಾರದು ಅನ್ನುತ್ತಾರೆ. ಜಗಳ ಮಾಡುವ ವಿಷಯ ಅಲ್ಲ, ಆದರೆ ಬೇಳೆ ಬೇಯಬೇಕಲ್ವಾ?

ಇನ್ನೊಂದು ಮರ್ಯಾದೆ ಹೋದ ಸಂಗತಿ. ಏಳನೇ ದಿನ ಉಪ್ಪು ಮುಗಿಯಿತು. ಬೆಂಕಿಪೊಟ್ಟಣ ಥಂಡಿ ಹಿಡಿದು, ಗೀಚಿದರೆ ಮದ್ದು ಉದುರುತ್ತಿತ್ತು. ಒಲೆಯಲ್ಲಿ ಕೆಂಡ ಆರದಂತೆ ರಾತ್ರಿ ಎದ್ದು ನೋಡುತ್ತಿದ್ದೆ.

ಮುಂದಿನ ಮಳೆಗೆ ಮುಂಚೆ ಇದನ್ನೊಂದು ಕ್ರಮಕ್ಕೆ ತರಬೇಕು. ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತೀರಿ?

ಎರಡನೇ ಮಹಡಿ

ಬೆಂಗಳೂರಿನವನು. ಇದೆಲ್ಲ ಮಲೆನಾಡಿನವರ ಕಷ್ಟ ಅಂದುಕೊಂಡಿದ್ದೆ. 2022ರ ಸೆಪ್ಟೆಂಬರ್ ಮಳೆಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ತುಂಬಿತು. ಪಂಪು, ಲಿಫ್ಟು, ಜನರೇಟರ್ ಎಲ್ಲ ಅಲ್ಲೇ ಇದ್ದದ್ದು. ಮನೆಯಲ್ಲಿ 2020ರ ಲಾಕ್‌ಡೌನ್ ಕಾಲದಿಂದ ಹೆದರಿ ತುಂಬಿಟ್ಟ ಪಾಸ್ತಾ, ನೂಡಲ್ಸ್, ಗೋಧಿಹಿಟ್ಟು ರಾಶಿ ಇತ್ತು. ನೀರೇ ಇರಲಿಲ್ಲ! ಒಂದೇ ಒಂದು 20 ಲೀಟರ್ ಕ್ಯಾನ್, ಅದೂ ಅರ್ಧ. ಪಾಸ್ತಾ ಬೇಯಿಸಲು ಎಷ್ಟು ನೀರು ಬೇಕು ಅಂತ ಆವತ್ತು ಗೊತ್ತಾಯಿತು. ಮೂರು ದಿನ ಮಂಡಕ್ಕಿ ತಿಂದೆವು.

ಆ ಗೋಧಿಹಿಟ್ಟಿನ ಕಥೆ ಇನ್ನೂ ಬೇಜಾರು. ಒಂದು ಪ್ಯಾಕೆಟ್ ಕಮಟು, ಎರಡರಲ್ಲಿ ಹುಳ ಬಲೆ ಕಟ್ಟಿತ್ತು. ಎಲ್ಲ ಕಸಕ್ಕೆ ಹೋಯಿತು.

ಟೋಕಿಯೋ ಉಪ್ಪಿಟ್ಟು

ಇಲ್ಲಿ ಜಪಾನಿನಲ್ಲಿ ಇದಕ್ಕೆ ‘ರೋಲಿಂಗ್ ಸ್ಟಾಕ್’ ಅನ್ನುತ್ತಾರೆ. ಭೂಕಂಪಕ್ಕೆ ಅಂತ ಬೇರೆ ಆಹಾರ ಕೊಂಡು ಮೂಲೆಗೆ ತಳ್ಳುವುದಲ್ಲ. ದಿನಾ ತಿನ್ನುವುದನ್ನೇ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುವುದು, ಹಳೆಯದನ್ನು ತಿನ್ನುವುದು, ತಿಂದಷ್ಟನ್ನು ಮತ್ತೆ ತಂದಿಡುವುದು. ಕನಿಷ್ಠ 3 ದಿನಕ್ಕೆ, ಆದರೆ ಒಂದು ವಾರಕ್ಕೆ ಆಗುವಷ್ಟು ಇಟ್ಟುಕೊಳ್ಳಿ ಅಂತ ಸರ್ಕಾರವೇ ಹೇಳುತ್ತದೆ. ನೀರು ಒಬ್ಬರಿಗೆ ದಿನಕ್ಕೆ 3 ಲೀಟರ್.

ಸೆಪ್ಟೆಂಬರ್ 1 ಇಲ್ಲಿ ವಿಪತ್ತು ತಡೆ ದಿನ, 1923ರ ಕಾಂತೋ ಭೂಕಂಪ ಆದ ದಿನ. ಆವತ್ತು ನಮ್ಮನೆಯಲ್ಲಿ ಕಪಾಟು ಖಾಲಿ ಮಾಡಿ ಎಣಿಸುತ್ತೇವೆ. ನನ್ನ ಕಪಾಟಿನಲ್ಲಿ ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬಿಸಿನೀರಲ್ಲಿ ಇಟ್ಟರೆ ಆಗುವ ಅನ್ನದ ಪ್ಯಾಕೆಟ್, ಪುಟ್ಟ ಗ್ಯಾಸ್ ಒಲೆ ಇರುತ್ತದೆ. ನೆಂಟರು ಬಂದರೆ ನಗುತ್ತಾರೆ. 2011ರ ಮಾರ್ಚ್ ಭೂಕಂಪ ಆದಾಗ ಟೋಕಿಯೋ ಅಂಗಡಿಗಳ ಶೆಲ್ಫುಗಳು ಬರಿದಾದವು. ಅದನ್ನು ನೋಡಿದವರು ನಗುವುದಿಲ್ಲ.

ಕಡಲತಡಿ

ರೋಲಿಂಗ್ ಸ್ಟಾಕೋ ಏನೋ, ಮಾರಾಯ್ರೆ, ನಮ್ಮ ಅಜ್ಜಿ ಮಾಡುತ್ತಿದ್ದದ್ದೂ ಅದೇ. ತುಳುನಾಡಲ್ಲಿ ಆಟಿ ತಿಂಗಳು ಅಂದರೆ ಹೊರಗೆ ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ, ಮಳೆ ಬಿಡುವುದಿಲ್ಲ. ಅದಕ್ಕೆ ಮೇ ತಿಂಗಳಲ್ಲೇ ಉಪ್ಪುನೀರಲ್ಲಿ ಹಲಸಿನ ಸೊಳೆ, ಮಾವಿನಕಾಯಿ. ಹಲಸಿನ ಬೀಜವನ್ನು ಬೇಯಿಸಿ ಒಣಗಿಸಿ ಸಾಂತಣಿ. ಒಣಮೀನು ಡಬ್ಬಿಯಲ್ಲಿ. ಅಕ್ಕಿ ಬೈಹುಲ್ಲಿನ ಮುಡಿಯಲ್ಲಿ. ಒಂದು ಮುಡಿಗೆ 42 ಸೇರು.

ಮುಡಿಯ ಲಾಭ ನೋಡಿ. ಒಂದು ಮುಡಿ ಬಿಚ್ಚಿದರೆ ಅದು ಮುಗಿಯುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ. ಹೊಸ ಅಕ್ಕಿಯನ್ನು ಹಳೆ ಮುಡಿಯ ಮೇಲೆ ಸುರಿಯಲು ಬರುವುದೇ ಇಲ್ಲ. ಸಂಕದಾಚೆಯವರೇ, ನಿಮ್ಮ ತೊಂದರೆ ದೊಡ್ಡ ಡಬ್ಬಿಯದ್ದು. 25 ಕೆಜಿ ಹಿಡಿಯುವ ಡ್ರಮ್ ಒಂದರ ಬದಲು 5 ಕೆಜಿಯ ಐದು ಡಬ್ಬಿ ಇಡಿ. ಹುಳ ಬಿದ್ದರೂ ಒಂದಕ್ಕೇ ಬೀಳುತ್ತದೆ.

ರಿಟೈರ್ಡ್ ಮೇಷ್ಟ್ರು

ಬೇಳೆ ಯಾಕೆ ಬೇಯಲಿಲ್ಲ ಅನ್ನುವುದಕ್ಕೆ ಉತ್ತರ ಹೇಳುತ್ತೇನೆ. ಬೇಳೆಕಾಳು ಸೆಕೆ ಮತ್ತು ತೇವ ಇರುವ ಕಡೆ ಬಹಳ ಕಾಲ ಇದ್ದರೆ ಒಳಗೇ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅಷ್ಟೇ. ಹಾಳಾಗಿದೆ ಅಂತ ಅರ್ಥ ಅಲ್ಲ. ರಾತ್ರಿಯೇ ನೆನೆಹಾಕಿ, ಬೇಯಿಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಹುರಿದು ಚಟ್ನಿಪುಡಿ ಮಾಡಿಬಿಡಿ. ಮುಗ್ಗಲು ವಾಸನೆ ಇದ್ದರೆ ಮಾತ್ರ ಎಸೆಯಿರಿ. ಶೇಂಗಾ, ಮೆಕ್ಕೆಜೋಳಕ್ಕೆ ಬೂಷ್ಟು ಬಂದಿದ್ದರಂತೂ ತೊಳೆದು, ಹುರಿದು ತಿನ್ನುವ ಸಾಹಸ ಬೇಡವೇ ಬೇಡ. ಆ ಬೂಷ್ಟಿನ ವಿಷ ನಮ್ಮ ಒಲೆಯ ಶಾಖಕ್ಕೆ ಸಾಯುವುದಿಲ್ಲ.

ಹುಳದ ವಿಷಯ. ಡಬ್ಬಿ ಅಷ್ಟು ಬಿಗಿ ಇದ್ದರೂ ಹುಳ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದು ಅಂಗಡಿಯಿಂದಲೇ ಬಂದಿರುತ್ತದೆ. ಅಕ್ಕಿಯ ಮೂತಿಹುಳ ಕಾಳಿಗೆ ಸಣ್ಣ ತೂತು ಕೊರೆದು, ಒಳಗೆ ಮೊಟ್ಟೆ ಇಟ್ಟು, ತೂತು ಮುಚ್ಚುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಸೆಕೆ ಇದ್ದರೆ ತಿಂಗಳು ಕಳೆಯುವುದರಲ್ಲಿ ಹುಳ ಹೊರಗೆ ಬರುತ್ತದೆ. ಫ್ರೀಜರ್ ಇರುವವರು ತಂದ ಕೂಡಲೇ ಪ್ಯಾಕೆಟ್ಟನ್ನು ನಾಲ್ಕು ದಿನ ಅದರಲ್ಲಿಡಿ. ಹೊರಗೆ ತೆಗೆದ ಮೇಲೆ ತಣುಪು ಪೂರ್ತಿ ಹೋಗುವ ತನಕ ಪ್ಯಾಕೆಟ್ ಬಿಚ್ಚಬೇಡಿ. ಬಿಚ್ಚಿದರೆ ಕಾಳಿನ ಮೇಲೆ ಬೆವರು ಕಟ್ಟುತ್ತದೆ.

ಗಟ್ಟಿ ಗೋಡೆ

ಇಷ್ಟೆಲ್ಲ ತಲೆನೋವು ಯಾಕೆ? ಒಳಗಿನ ಆಮ್ಲಜನಕ ಹೀರುವ ಆಕ್ಸಿಜನ್ ಅಬ್ಸಾರ್ಬರ್ ಪುಡಿಕೆ, ಗಾಳಿಯಾಡದ ಮೈಲಾರ್ ಚೀಲ ಆನ್‌ಲೈನ್ ಸಿಗುತ್ತವೆ. ಒಮ್ಮೆ ಪ್ಯಾಕ್ ಮಾಡಿದರೆ 25–30 ವರ್ಷ ಯೋಚನೆ ಇಲ್ಲ. ನಾನು ಅಕ್ಕಿ, ಗೋಧಿ, ಸಕ್ಕರೆ, ಬೆಲ್ಲ, ದ್ರಾಕ್ಷಿ ಗೋಡಂಬಿ ಎಲ್ಲ ಹಾಗೇ ಇಟ್ಟಿದ್ದೇನೆ. ಒಂದು ರೂಮು ತುಂಬಿದೆ.

ರಿಟೈರ್ಡ್ ಮೇಷ್ಟ್ರು

ಅಕ್ಕಿ, ಗೋಧಿಗೆ ಸರಿ. ಪಾಲಿಶ್ ಮಾಡಿದ ಒಣ ಬಿಳಿ ಅಕ್ಕಿ ತಂಪು ಜಾಗದಲ್ಲಿ ಹಾಗೆ 30 ವರ್ಷ ಉಳಿದೀತು. ತೌಡು ಇರುವ ಅಕ್ಕಿಗೆ ಆ ಲೆಕ್ಕ ನಡೆಯುವುದಿಲ್ಲ, ತೌಡಿನ ಎಣ್ಣೆ ಕಮಟಾಗುತ್ತದೆ. ಸಕ್ಕರೆಗೆ ಆ ಪುಡಿಕೆ ಹಾಕಬೇಡಿ, ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಉಪ್ಪಿಗೂ ಬೇಡ. ಬೆಲ್ಲ, ದ್ರಾಕ್ಷಿಯ ವಿಷಯ ಮಾತ್ರ ಗಂಭೀರ. ತೇವ ಇರುವ ಪದಾರ್ಥವನ್ನು ಗಾಳಿ ಇಲ್ಲದ ಕಡೆ, ಹೊರಗಿನ ಬಿಸಿಯಲ್ಲಿ ಇಟ್ಟರೆ ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯದ ಆಹಾರ ವಿಷ ತರುವ ಬ್ಯಾಕ್ಟೀರಿಯಾಕ್ಕೆ ಅವಕಾಶ ಮಾಡಿಕೊಟ್ಟ ಹಾಗೆ. ಆ ವಿಷಕ್ಕೆ ಬಣ್ಣ, ವಾಸನೆ ಯಾವುದೂ ಇರಬೇಕೆಂದಿಲ್ಲ. ಪೂರ್ತಿ ಒಣಗಿದ್ದಕ್ಕೆ ಮಾತ್ರ ಆ ಪುಡಿಕೆ.

ಬಾದಾಮಿ ಕಡೆಯವ

ಮೇಷ್ಟ್ರ, ನಮ್ಮ ಹಗೇವಿನ ಲೆಕ್ಕಾನೂ ಅದೇ ಅಲ್ಲೇನ್ರಿ? ನೆಲದೊಳಗೆ ತೋಡಿದ ಕುಣಿಗೆ ಕಾಳು ತುಂಬಿ, ಬಾಯಿಗೆ ಕಲ್ಲು ಇಟ್ಟು, ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗಿನ ಗಾಳಿಯನ್ನು ಕಾಳು, ಹುಳ ಉಸಿರಾಡಿಯೇ ಮುಗಿಸುತ್ತವೆ. ಆಮೇಲೆ ಹುಳವೂ ಸಾಯುತ್ತದೆ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿತೋ, ಇನ್ನೂ ಕಾಯಬೇಕು. ಅವಸರ ಮಾಡಿ ಇಳಿದು ಜೀವ ಕಳೆದುಕೊಂಡವರೂ ಇದ್ದಾರೆ.

ಆದರೆ ಹಗೇವಿಗೂ ಒಂದು ಶತ್ರು ಇದೆ. 2009ರ ಅಕ್ಟೋಬರ್ ಹೊತ್ತಿಗೆ ಮಲಪ್ರಭೆ ಊರಿಗೇ ಬಂದಳು. ನಮ್ಮ ಓಣಿಯ ಹಗೇವುಗಳಿಗೆ ನೀರು ಇಳಿಯಿತು. ಜೋಳ ಉಬ್ಬಿ, ಹುಳಿತು, ಓಣಿಗೆಲ್ಲ ನಾತ. ದನಕ್ಕೂ ಹಾಕಲು ಬರಲಿಲ್ಲ. ನಮ್ಮನ್ನು ಕಾಪಾಡಿದ್ದು ಅವ್ವ ಮಾಡಿನ ಹತ್ತಿರ ಬುಟ್ಟಿಯಲ್ಲಿ ಇಟ್ಟಿದ್ದ ಖಡಕ್ ರೊಟ್ಟಿ, ಡಬ್ಬಿಯ ಶೇಂಗಾ ಹಿಂಡಿ. ಒಲೆ ಹೊತ್ತಿಸುವುದೇ ಬೇಡ. ಹೊಳೆ ಪಕ್ಕದವರು ನೆಲದಲ್ಲಿ ಏನನ್ನೂ ಇಡಬೇಡಿ, ಅಷ್ಟೇ ನನ್ನ ಮಾತು.

ಗಟ್ಟಿ ಗೋಡೆ

ಬೆಲ್ಲದ ಚೀಲ ಬಿಚ್ಚುತ್ತೇನೆ ಸರ್. ದ್ರಾಕ್ಷಿದೂ. (ಸಕ್ಕರೆ ಆಗಲೇ ಇಟ್ಟಿಗೆ ಆಗಿದೆ, ಒಪ್ಪಿಕೊಳ್ಳುತ್ತೇನೆ.)

ಹೊಸಬ 77

ಅಕ್ಕಿಗೆ ಹುಳ ಬರದಂತೆ ಗೊಬ್ಬರದ ಅಂಗಡಿಯಲ್ಲಿ ಒಂದು ಗುಳಿಗೆ ಕೊಡುತ್ತಾರೆ. ಬಟ್ಟೆಯಲ್ಲಿ ಕಟ್ಟಿ ಚೀಲದೊಳಗೆ ಇಟ್ಟರೆ ಆಯಿತು. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಕಾಳುಮೆಣಸು

ದಯವಿಟ್ಟು ಮನೆಯೊಳಗೆ ಅದನ್ನು ತರಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಗೋದಾಮಿನಲ್ಲಿ ತರಬೇತಿ ಆದವರು ಹಾಕುವ ಮದ್ದು ಅದು, ಮಲಗುವ ಕೋಣೆಯ ಪಕ್ಕ ಇಡುವಂಥದ್ದಲ್ಲ. ಬಾಗಿಲು ಮುಚ್ಚಿ ಮಲಗಿದ ಮನೆಗಳಲ್ಲಿ ಮಕ್ಕಳ ಜೀವ ಹೋಗಿದೆ. ಅದಕ್ಕೆ ಮನೆಯಲ್ಲಿ ಕೊಡುವ ಪ್ರತಿಮದ್ದೂ ಇಲ್ಲ. ಪಾದರಸದ ಬಿಲ್ಲೆ ಅಂತ ಕೆಲವು ಕಡೆ ಮಾರುತ್ತಾರೆ, ಅದೂ ಬೇಡ.

ನಿರ್ವಾಹಕ

ಮೇಲಿನ ಗುಳಿಗೆಯ ಸಲಹೆಯನ್ನು ಅಳಿಸುತ್ತಿಲ್ಲ. ಉತ್ತರದ ಜೊತೆಗೇ ಎಲ್ಲರೂ ಓದಲಿ ಅಂತ ಬಿಟ್ಟಿದ್ದೇನೆ.

ಕಾಳುಮೆಣಸು

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ, ಹೇಳುತ್ತೇನೆ. ನಮ್ಮದು ಮಡಿಕೇರಿ ತಾಲೂಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಇಲ್ಲದಂತಾದಾಗ, ನಮ್ಮ ಮನೆಯಲ್ಲಿ ಮೂರು ಕುಟುಂಬ ಇತ್ತು. ಹದಿನಾಲ್ಕು ಜನ. ಐದು ಜನರಿಗೆ ಒಂದು ತಿಂಗಳು ಬರುವ ಅಕ್ಕಿ ಹನ್ನೊಂದು ದಿನಕ್ಕೆ ಮುಗಿಯಿತು. ನಿಮ್ಮ ಲೆಕ್ಕದಲ್ಲಿ ಬರುವ ನೆಂಟರನ್ನೂ ಸೇರಿಸಿಕೊಳ್ಳಿ.

ನಾವು ಮಾಡುವುದು ಹೀಗೆ. ಏಪ್ರಿಲ್ ಬಿಸಿಲಲ್ಲಿ ಕಾಳು, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲ ಒಣಗಿಸುತ್ತೇವೆ. ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕುವುದಿಲ್ಲ, ನುಚ್ಚಾಗುತ್ತದೆ, ನೆರಳಲ್ಲಿ ಹರಡಿದರೆ ಸಾಕು. ಬಿಸಿಲಿನಿಂದ ತಂದ ಕಾಳನ್ನು ಬಿಸಿ ಇರುವಾಗಲೇ ಡಬ್ಬಿಗೆ ತುಂಬುವುದು ಎಲ್ಲರೂ ಮಾಡುವ ತಪ್ಪು. ಮುಚ್ಚಳದ ಒಳಗೆ ಹನಿ ಕಟ್ಟಿ, ಹದಿನೈದು ದಿನದಲ್ಲಿ ಮುಗ್ಗಲು. ರಾತ್ರಿಯಿಡೀ ಆರಲಿ. ಬೆಳಿಗ್ಗೆ ಕಾಳಿಗೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ ತುಂಬಿ. ಕಾಳಿನ ಸಿಪ್ಪೆಗೆ ಹುಳದ ಮೊಟ್ಟೆ ನಿಲ್ಲುವುದಿಲ್ಲ. ಡಬ್ಬಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ತುಂಬಿದ ತಿಂಗಳು ಬರೆಯಿರಿ. ‘ಯಾವಾಗ ಹಾಳಾಗುತ್ತದೆ’ ಅಂತ ಬರೆಯಬೇಡಿ, ‘ಯಾವಾಗ ತುಂಬಿದೆ’ ಅಂತ ಬರೆಯಿರಿ. ಮುಂದಿನದ್ದು ಮೂಗು ಹೇಳುತ್ತದೆ.

ಇನ್ನು ನೀರು. ಮಳೆನಾಡಲ್ಲಿ ನೀರಿಗೆ ಬರವೇ ಅನ್ನಬೇಡಿ, ಮಳೆ ಬಂದರೆ ಬಾವಿ ನೀರು ಕೆಂಪಾಗುತ್ತದೆ. ತಿಳಿಯಾದ ಮೇಲೆ ಕೊತಕೊತ ಕುದಿಸಲೇಬೇಕು, ಅದಕ್ಕೆ ಒಣ ಸೌದೆ ಬೇಕು. ನಮ್ಮ ದಾಸ್ತಾನಿನಲ್ಲಿ ಅಕ್ಕಿಗಿಂತ ಮೊದಲು ಸೌದೆ.

ಎರಡನೇ ಮಹಡಿ

ಪಟ್ಟಿ ಬೇಕು ಅನ್ನುವವರಿಗೆ ನನ್ನ ಲೆಕ್ಕ. ನಾಲ್ಕು ಜನ, ಹತ್ತು ದಿನ: ಅಕ್ಕಿ 10 ಕೆಜಿ, ಬೇಳೆಕಾಳು 3 ಕೆಜಿ, ಎಣ್ಣೆ 1 ಲೀಟರ್, ಅವಲಕ್ಕಿ 2 ಕೆಜಿ, ಉಪ್ಪು 1 ಕೆಜಿ. ನೀರು 120 ಲೀಟರ್, ಅಂದರೆ ಆರು ಕ್ಯಾನ್. ಅದನ್ನು ಎಲ್ಲಿ ಇಡುವುದು ಅಂತ ಹೆಂಡತಿ ಕೇಳುತ್ತಿದ್ದಾಳೆ. ಸದ್ಯಕ್ಕೆ ಮೂರು ಕ್ಯಾನ್ ಮಂಚದ ಕೆಳಗೆ.

ಮನೆಯಲ್ಲಿ ಶುಗರ್, ಬಿಪಿ ಇರುವವರ ಮಾತ್ರೆಯನ್ನೂ ಹೀಗೇ ಇಟ್ಟುಕೊಳ್ಳಿ. ಹದಿನೈದು ದಿನದ್ದು ಯಾವಾಗಲೂ ಮುಂದೆ ಇರಲಿ.

ರಾಗಿಹೊಲ

ಯಾರೂ ರಾಗಿ ಹೆಸರೇ ಎತ್ತಲಿಲ್ಲವಲ್ಲ! ಕಾಳಿನ ರೂಪದಲ್ಲಿ ರಾಗಿಯಷ್ಟು ಬಾಳಿಕೆ ಇನ್ನೊಂದಕ್ಕಿಲ್ಲ. ಕಾಳು ಅಷ್ಟು ಸಣ್ಣದು, ಹುಳಕ್ಕೆ ಒಳಗೆ ಹೋಗಿ ಮನೆ ಮಾಡಲು ಜಾಗವೇ ಇಲ್ಲ. ಹಿಟ್ಟು ಮಾಡಿಸಿದರೆ ಮಾತ್ರ ಎರಡು ಮೂರು ತಿಂಗಳಿಗೆ ಕಹಿಯಾಗುತ್ತದೆ. ಹಾಗಾಗಿ ಕಾಳು ಜಾಸ್ತಿ, ಹಿಟ್ಟು ಕಡಿಮೆ, ಜೊತೆಗೆ ಒಂದು ಡಬ್ಬಿ ಹುರಿಟ್ಟು. ಬೆಲ್ಲ, ನೀರು ಸಿಕ್ಕರೆ ಊಟ ಮುಗಿಯಿತು.

ಸಂಕದಾಚೆ

ಎಲ್ಲರಿಗೂ ವಂದನೆ. ಹದಿನೈದು ದಿನ ಉತ್ತರ ಬರೆಯಲು ಆಗಲಿಲ್ಲ, ಅಡುಗೆಮನೆಯೇ ಅಂಗಳಕ್ಕೆ ಬಂದಿತ್ತು.

ಮೊದಲು ನಾಚಿಕೆ ಬಿಟ್ಟು ಹೇಳುತ್ತೇನೆ. ತೊಗರಿಬೇಳೆಗೆ ಅತ್ತೆಯನ್ನು ದೂರಿದೆನಲ್ಲ, ಫ್ರಿಜ್ಜಿನ ಹಿಂದಿನ ಕಪಾಟಿನಲ್ಲಿ ನಾನೇ ತಂದು ಮರೆತ ನಾಲ್ಕು ಪ್ಯಾಕೆಟ್ ಓಟ್ಸ್, ಎರಡು ಸೂಪಿನ ಪುಡಿ, ಒಂದು ಟಿನ್ ಬೇಬಿಕಾರ್ನ್ ಸಿಕ್ಕವು. ಮಗ ಹುಟ್ಟುವ ಮುಂಚಿನವು. ಅವನೀಗ ಯುಕೆಜಿ.

ಅಂಗಳದಲ್ಲಿ ಮೊರ ಹಿಡಿದು ಕಾಳು ಕೇರುತ್ತಾ, ಅತ್ತೆಯನ್ನು ಮೆಲ್ಲಗೆ ಕೇಳಿದೆ. ಹೊಸದನ್ನು ಹಳೆಯದರ ಮೇಲೆ ಯಾಕೆ ಸುರಿಯುತ್ತೀರಿ ಅಂತ. ಅವರ ತವರು ಅರಸೀಕೆರೆ ಕಡೆ. ಅಲ್ಲಿ ರಾಗಿಗೆ ಮಣ್ಣಿನ ವಾಡೆ ಇತ್ತಂತೆ, ಆಳುದ್ದದ್ದು. ಮೇಲಿನಿಂದ ತುಂಬುವುದು. ಬುಡದಲ್ಲಿ ಅಂಗೈ ಅಗಲದ ತೂತು, ಅದಕ್ಕೆ ಹಳೆ ಸೀರೆಯ ಬಟ್ಟೆ ಉಂಡೆ ಮಾಡಿ ತುರುಕಿರುತ್ತಿದ್ದರು. ಬೇಕಾದಾಗ ಬಟ್ಟೆ ಎಳೆದು, ಮೊರ ಹಿಡಿದರೆ ರಾಗಿ ಸರ್ರನೆ ಬೀಳುತ್ತಿತ್ತು. ಬಟ್ಟೆ ಎಳೆಯುವ ಕೆಲಸ ಚಿಕ್ಕವರಿದ್ದಾಗ ಇವರದ್ದೇ. ‘ಮೇಲೆ ಸುರಿಯದೆ ಇನ್ನೆಲ್ಲಿ ಸುರಿಯುವುದು’ ಅಂದರು.

ನಾನು ಮೊರ ಹಿಡಿದು ಹಾಗೇ ಕೂತೆ. ಆ ವಾಡೆಯಲ್ಲಿ ಹಳೆಯದೇ ಮೊದಲು ಬರುತ್ತಿತ್ತು. ಅತ್ತೆ ಮಾಡುತ್ತಿದ್ದದ್ದು ಸರಿಯೇ. ನಮ್ಮ ಸ್ಟೀಲ್ ಡಬ್ಬಿಗೆ ಬುಡದಲ್ಲಿ ತೂತಿಲ್ಲ.

ರಾಗಿಹೊಲ

ನಮ್ಮಜ್ಜನ ಮನೆಯಲ್ಲೂ ಎರಡು ವಾಡೆ ಇದ್ದವು! ಒಂದರೊಳಗೆ ಬೆಕ್ಕು ಮರಿ ಹಾಕಿತ್ತು.

ಕಡಲತಡಿ

ಹಾಗಾದರೆ ಈಗ ಡಬ್ಬಿಗೆ ತೂತು ಕೊರೆಸುತ್ತೀರೋ?

ಸಂಕದಾಚೆ

ಇಲ್ಲ ಮಾರಾಯ್ರೆ, ನೀವು ಹೇಳಿದ ಹಾಗೆ ಸಣ್ಣ ಡಬ್ಬಿ ಮಾಡಿದೆವು. ಒಂದೊಂದಕ್ಕೂ ಜೋಡಿ. ಒಂದು ಖಾಲಿಯಾಗುವಾಗ ಇನ್ನೊಂದು ತುಂಬಿಯೇ ಇರುತ್ತದೆ. ಖಾಲಿ ಡಬ್ಬಿ ತೊಳೆದು ಒಣಗಿಸುವ ಮೊದಲು ಹಳೆಯದರಿಂದ ಒಂದು ಹಿಡಿ ತೆಗೆದಿಟ್ಟು, ಹೊಸದು ತುಂಬಿದ ಮೇಲೆ ಅದನ್ನು ಮೇಲುಗಡೆ ಹಾಕುತ್ತೇವೆ. ಮಾರನೇ ದಿನದ ಅಡುಗೆಗೆ ಅದೇ ಮೊದಲು. ಇದು ಅತ್ತೆಯದೇ ಉಪಾಯ, ತಳ ಕಂಡ ಹಾಗೆ ಆಗಲಿಲ್ಲವಂತೆ. ಬಿಳಿ ಪಟ್ಟಿ ಅವರಿಗೆ ಓದಲು ಕಷ್ಟ. ಹಾಗಾಗಿ ಮೊದಲು ಬಳಸಬೇಕಾದ ಡಬ್ಬಿಗೆ ಸುಣ್ಣದ ಬೊಟ್ಟು ಇಡುತ್ತಾರೆ.

ಕಾಳುಮೆಣಸು

ಎಲ್ಲ ಸರಿ. ಉಪ್ಪು, ಬೆಂಕಿಪೊಟ್ಟಣ?

ಸಂಕದಾಚೆ

ಉಪ್ಪು ಐದು ಕೆಜಿ. ಬೆಂಕಿಪೊಟ್ಟಣ ಒಂದು ಡಜನ್, ಗಾಜಿನ ಹಾರ್ಲಿಕ್ಸ್ ಬಾಟಲಿಯಲ್ಲಿ, ತಳಕ್ಕೆ ಹುರಿದ ಅಕ್ಕಿ ಹಾಕಿ ಮುಚ್ಚಳ ಬಿಗಿ ಮಾಡಿದ್ದೇನೆ. ಅದಕ್ಕೂ ಅತ್ತೆ ಸುಣ್ಣದ ಬೊಟ್ಟು ಇಟ್ಟಿದ್ದಾರೆ.